ಪಿಯುಸಿ ಆದಮೇಲೂ ಇನ್ನೊಂದು ವರ್ಷ: ವಿದೇಶದ ಫೌಂಡೇಶನ್ ಕೋರ್ಸ್ ಯಾರಿಗೆ ಬೇಕು?

ಏಪ್ರಿಲ್‌ನಲ್ಲಿ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತೆಂದರೆ ಸಾಕು, ಮನೆಗೆ ಫೋನ್ ಶುರುವಾಗುತ್ತದೆ. "ಸರ್, ನಿಮ್ಮ ಮಗಳಿಗೆ 82 ಪರ್ಸೆಂಟ್ ಅಲ್ವಾ? ಜರ್ಮನಿಯಲ್ಲಿ ಫೀಸೇ ಇಲ್ಲ. ಒಂದು ವರ್ಷ ಫೌಂಡೇಶನ್ ಮಾಡಿಸಿ, ಯೂನಿವರ್ಸಿಟಿ ಸೀಟು ಗ್ಯಾರಂಟಿ." ನಮ್ಮ ನಂಬರ್ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ತಿಳಿದುಕೊಳ್ಳದೆ ಅಡ್ವಾನ್ಸ್ ಕಟ್ಟಿದವರು ಊರಿಗೊಬ್ಬರಾದರೂ ಸಿಗುತ್ತಾರೆ.

ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ ಪ್ರಶ್ನೆ. ಪಿಯುಸಿ ಎಂದರೇನೇ ಯೂನಿವರ್ಸಿಟಿಗೆ ಮುಂಚಿನ ಓದು ಅಲ್ವಾ, ಅದು ಮುಗಿದ ಮೇಲೆ ಮತ್ತೇಕೆ ಒಂದು ವರ್ಷ?

ಫೌಂಡೇಶನ್ ಎಂದರೆ ಅಲ್ಲಿನ ಡಿಗ್ರಿಗೆ ಸೇರುವ ಮುಂಚೆ ಓದುವ ಒಂದು ವರ್ಷದ ತಯಾರಿ. ಅದು ಏಕೆ ಎಂದು ವರ್ಷಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಯ ಹಂತವಾದ ಎ-ಲೆವೆಲ್ ಮುಗಿಸುವ ಹೊತ್ತಿಗೆ ಅಲ್ಲಿನ ಮಕ್ಕಳು ಶಾಲೆಯಲ್ಲಿ 13 ವರ್ಷ ಓದಿರುತ್ತಾರೆ. ಕೊನೆಯ ಎರಡು ವರ್ಷ ಮೂರು ನಾಲ್ಕು ವಿಷಯಗಳನ್ನಷ್ಟೇ ಹಿಡಿದು ಆಳಕ್ಕೆ ಇಳಿದಿರುತ್ತಾರೆ. ಹಾಗಾಗಿ ಡಿಗ್ರಿ ಮೂರೇ ವರ್ಷ. ಜರ್ಮನಿಯಲ್ಲಿ ಶಾಲೆ ಮುಗಿಸುವ ಆಬಿಟೂರ್ ಕೂಡ 12 ಅಥವಾ 13 ವರ್ಷದ್ದು. ನಮ್ಮದು 12. ಅಮೆರಿಕದಲ್ಲೂ ಶಾಲೆ 12 ವರ್ಷವೇ, ಆದರೆ ಅಲ್ಲಿ ಡಿಗ್ರಿ ನಾಲ್ಕು ವರ್ಷ. ಮೊದಲ ವರ್ಷವನ್ನು ಅವರು ಡಿಗ್ರಿಯ ಒಳಗೇ ಇಟ್ಟುಕೊಂಡಿದ್ದಾರೆ. ಅದಕ್ಕೇ ಅಮೆರಿಕಕ್ಕೆ ಹೋಗುವ ನಮ್ಮ ಮಕ್ಕಳು ಸಾಮಾನ್ಯವಾಗಿ ಪಿಯುಸಿ ಆದಮೇಲೆ ನೇರವಾಗಿ ಹೋಗುತ್ತಾರೆ. ಸ್ಕಾಟ್ಲೆಂಡಿನಲ್ಲೂ ಆನರ್ಸ್ ಡಿಗ್ರಿ ನಾಲ್ಕು ವರ್ಷ. ಹಾಗಾಗಿ ಇಂಗ್ಲೆಂಡಿನಲ್ಲಿ "ಫೌಂಡೇಶನ್ ಮಾಡಿ ಬಾ" ಎನ್ನಿಸಿಕೊಂಡ ಹುಡುಗನಿಗೆ ಸ್ಕಾಟ್ಲೆಂಡಿನಲ್ಲಿ ನೇರ ಸೀಟು ಸಿಗಬಹುದು. ಖರ್ಚಾಗುವ ವರ್ಷ ಅಷ್ಟೇ, ಆದರೆ ಮೊದಲ ದಿನದಿಂದಲೇ ಅವನು ಯೂನಿವರ್ಸಿಟಿ ವಿದ್ಯಾರ್ಥಿ.

ಹಾಗಾಗಿ ಫೌಂಡೇಶನ್ ಕೋರ್ಸುಗಳ ಪಟ್ಟಿ ಹಿಡಿದು ಕೂರಬೇಡಿ. ಮೊದಲು ಯಾವ ದೇಶದಲ್ಲಿ, ಯಾವ ಯೂನಿವರ್ಸಿಟಿಯಲ್ಲಿ, ಯಾವ ಡಿಗ್ರಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಆ ಡಿಗ್ರಿಯ ಪುಟ ತೆಗೆದು, ಭಾರತದಿಂದ ಬರುವವರಿಗೆ ಏನು ಅರ್ಹತೆ ಕೇಳಿದ್ದಾರೆ ನೋಡಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಹಾಗೆ ಬಂದಾಗ ನಡುವೆ ಒಂದು ವರ್ಷ ಖಾಲಿ ಉಳಿದರೆ ಮಾತ್ರ ಫೌಂಡೇಶನ್ ಬೇಕು. ಇಷ್ಟು ನೋಡಿದರೆ ಎಷ್ಟೋ ಜನರಿಗೆ ಅದು ಬೇಕಾಗಿಯೇ ಇಲ್ಲ ಎಂದು ಗೊತ್ತಾಗುತ್ತದೆ.

ಜರ್ಮನಿಯ ಲೆಕ್ಕ

ಈಗ ಎಲ್ಲರ ಬಾಯಲ್ಲೂ ಇರುವುದು ಜರ್ಮನಿ. ನಿಯಮಗಳು ಸ್ಪಷ್ಟ ಇದ್ದರೂ ನಮ್ಮಲ್ಲಿ ಜಾಸ್ತಿ ಗೊಂದಲ ಇರುವುದೂ ಅದರ ಬಗ್ಗೆಯೇ. ಸ್ವಲ್ಪ ನಿಧಾನವಾಗಿ ನೋಡೋಣ.

ಪಿಯುಸಿ ಒಂದನ್ನೇ ಹಿಡಿದು ಹೋದರೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗೆ ನೇರ ಪ್ರವೇಶ ಇಲ್ಲ. ಮೂರು ದಾರಿಗಳಿವೆ. ಜೆಇಇ ಅಡ್ವಾನ್ಸ್‌ಡ್ ಪಾಸಾಗಿದ್ದರೆ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಡಿಗ್ರಿಗಳಿಗೆ ನೇರವಾಗಿ ಅರ್ಜಿ ಹಾಕಬಹುದು. ಇಲ್ಲವಾದರೆ ಭಾರತದ ಮಾನ್ಯ ಯೂನಿವರ್ಸಿಟಿಯಲ್ಲಿ ಡಿಗ್ರಿಯ ಒಂದು ವರ್ಷ ಪಾಸು ಮಾಡಿ, ಅದೇ ವಿಷಯಕ್ಕೆ ಅಥವಾ ಅದರ ಹತ್ತಿರದ ವಿಷಯಕ್ಕೆ ಅರ್ಜಿ ಹಾಕಬಹುದು. ಮೂರನೆಯದು ಸ್ಟುಡಿಯನ್‌ಕೊಲೆಗ್. ಇದೇ ಜರ್ಮನಿಯ ಫೌಂಡೇಶನ್ ವರ್ಷ.

ಯಾವ ಸರ್ಟಿಫಿಕೇಟಿಗೆ ಯಾವ ದಾರಿ ಎಂದು ನೋಡಲು ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್ ಇದೆ. ಜರ್ಮನ್ ಭಾಷೆಯಲ್ಲಿದೆ, ನೋಡಲು ಅಷ್ಟೇನೂ ಚೆನ್ನಾಗಿಲ್ಲ, ಆದರೆ ಯೂನಿವರ್ಸಿಟಿಗಳು ನೋಡುವುದು ಅದನ್ನೇ. ಜರ್ಮನ್ ಯೂನಿವರ್ಸಿಟಿಗಳ ವಿನಿಮಯ ಸಂಸ್ಥೆ ಡಿಎಎಡಿ ಅದನ್ನೇ ಸರಳ ಇಂಗ್ಲಿಷಿನಲ್ಲಿ ಹೇಳುತ್ತದೆ. ಒಟ್ಟಾರೆ ಕೇಳುವುದು ಕನಿಷ್ಠ 50 ಶೇಕಡಾ ಅಂಕ, ಎರಡು ಭಾಷೆ, ಗಣಿತ, ಒಂದು ವಿಜ್ಞಾನ ವಿಷಯ. ನಮ್ಮ ಪಿಯುಸಿಯಲ್ಲಿ ಹೇಗೂ ಎರಡು ಭಾಷೆ ಇರುತ್ತವೆ. ಪಿಸಿಎಂಬಿ, ಪಿಸಿಎಂಸಿ ಓದಿದವರಿಗೆ ಇದು ತೊಂದರೆಯಲ್ಲ. ಕಾಮರ್ಸ್ ಮತ್ತು ಆರ್ಟ್ಸ್‌ನವರು, ಅದರಲ್ಲೂ ಗಣಿತ ಬಿಟ್ಟವರು, ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ತಮ್ಮ ಕಾಂಬಿನೇಶನ್ ನಡೆಯುತ್ತದೆಯೇ ಎಂದು ನೋಡಿಕೊಳ್ಳಬೇಕು.

ಸ್ಟುಡಿಯನ್‌ಕೊಲೆಗ್‌ನಲ್ಲಿ ಸಾಮಾನ್ಯವಾಗಿ ಎರಡು ಸೆಮಿಸ್ಟರ್. ವಾರಕ್ಕೆ ಹತ್ತಿರ ಹತ್ತಿರ 30 ಗಂಟೆ ಪಾಠ, ಹಾಜರಿ ಕಡ್ಡಾಯ. ಪಾಠವೆಲ್ಲ ಜರ್ಮನ್‌ನಲ್ಲೇ. ಎಂಜಿನಿಯರಿಂಗ್, ಗಣಿತ, ಭೌತಶಾಸ್ತ್ರಕ್ಕೆ ಹೋಗುವವರಿಗೆ ಟಿ ಕೋರ್ಸ್. ವೈದ್ಯಕೀಯ, ಜೀವಶಾಸ್ತ್ರ, ಫಾರ್ಮಸಿಗೆ ಎಂ ಕೋರ್ಸ್. ಅರ್ಥಶಾಸ್ತ್ರ, ಬಿಸಿನೆಸ್, ಸಮಾಜ ವಿಜ್ಞಾನಕ್ಕೆ ಡಬ್ಲ್ಯೂ ಕೋರ್ಸ್. ಸಾಹಿತ್ಯ, ಇತಿಹಾಸದ ಕಡೆಯವರಿಗೆ ಜಿ ಕೋರ್ಸ್. ಟಿ ಕೋರ್ಸ್ ಮುಗಿಸಿದ ಮೇಲೆ ಮನಸ್ಸು ಬದಲಾಯಿಸಿ ಮೆಡಿಕಲ್‌ಗೆ ಹೋಗುತ್ತೇನೆ ಎಂದರೆ ಆಗುವುದಿಲ್ಲ. ಇನ್ನೊಂದು ವಿಷಯವನ್ನು ಫೋನ್ ಮಾಡುವವರು ಹೇಳುವುದೇ ಇಲ್ಲ. ಪೂರ್ಣ ಯೂನಿವರ್ಸಿಟಿಗೆ ಕಳಿಸುವ ಸ್ಟುಡಿಯನ್‌ಕೊಲೆಗ್ ಬೇರೆ, ಫಾಖ್‌ಹೋಖ್‌ಶೂಲೆ ಎನ್ನುವ ಅನ್ವಯಿಕ ವಿಜ್ಞಾನದ ಕಾಲೇಜುಗಳಿಗೆ ಮಾತ್ರ ಕಳಿಸುವಂಥದ್ದು ಬೇರೆ. ಎರಡನೆಯದರಲ್ಲಿ ಓದಿ ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಗೆ ಅರ್ಜಿ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ.

ಒಳಗೆ ಹೋಗುವುದಕ್ಕೇ ಒಂದು ಪ್ರವೇಶ ಪರೀಕ್ಷೆ ಇದೆ. ಜರ್ಮನ್ ಭಾಷೆ ಕನಿಷ್ಠ ಬಿ1 (ಎ1ರಿಂದ ಸಿ2ರ ತನಕದ ಆರು ಮಟ್ಟಗಳಲ್ಲಿ ಮೂರನೆಯದು) ಬೇಕು, ಬಿ2 ಕೇಳುವವರೂ ಸಾಕಷ್ಟಿದ್ದಾರೆ. ಭಾಷೆಯ ಭಾಗದಲ್ಲಿ ಹೆಚ್ಚಾಗಿ ಇರುವುದು ಸಿ-ಟೆಸ್ಟ್. ಒಂದು ಪ್ಯಾರಾ ಕೊಟ್ಟು, ಒಂದು ಬಿಟ್ಟು ಒಂದು ಪದದ ಹಿಂದಿನ ಅರ್ಧ ಅಳಿಸಿರುತ್ತಾರೆ. ಕನ್ನಡದಲ್ಲಿ ಮಾಡಿದರೆ ಹೀಗಿರುತ್ತದೆ: "ನಾನು ಬೆಳಿ__ ಎದ್ದು ಕಾ__ ಕುಡಿದು ಕಾಲೇ__ ಹೋದೆ." ನಮಗೆ ಇದು ಆಟ, ಏಕೆಂದರೆ ವಿಭಕ್ತಿ ನಾಲಿಗೆಯ ಮೇಲೇ ಇದೆ. ಜರ್ಮನ್‌ನಲ್ಲಿ ಆರ್ಟಿಕಲ್ ಏನು, ಕ್ರಿಯಾಪದದ ಕೊನೆ ಏನು ಎಂದು ಗೊತ್ತಿಲ್ಲದೆ ಒಂದು ಜಾಗವನ್ನೂ ತುಂಬಲು ಆಗುವುದಿಲ್ಲ. ಅದಕ್ಕೇ ಬಿ1 ಸರ್ಟಿಫಿಕೇಟ್ ಕೈಯಲ್ಲಿ ಇದ್ದವರೂ ಇದರಲ್ಲಿ ಫೇಲಾಗುತ್ತಾರೆ. ಉರು ಹೊಡೆದು ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಗಣಿತದ ಭಾಗ ನಮ್ಮ ಮಕ್ಕಳಿಗೆ ಅಷ್ಟು ಕಷ್ಟವಲ್ಲ. ಭಿನ್ನರಾಶಿ, ಘಾತ, ಲಾಗರಿದಮ್, ಸಮೀಕರಣ, ಫಂಕ್ಷನ್‌ಗಳು. ಸಾಮಾನ್ಯವಾಗಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಪಿಯುಸಿ ಗಣಿತ ಪರೀಕ್ಷೆಯಲ್ಲೂ ಬಿಡುವುದಿಲ್ಲವಲ್ಲ. ಎಡವುವುದು ಬರವಣಿಗೆಯಲ್ಲಿ. ನಾವು 3.5 ಎಂದು ಬರೆಯುವುದನ್ನು ಅವರು 3,5 ಎಂದು ಬರೆಯುತ್ತಾರೆ. ಸಾವಿರಕ್ಕೆ ನಾವು ಕಾಮಾ ಹಾಕುವ ಕಡೆ ಅವರು ಚುಕ್ಕಿ ಇಡುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಲವು ಸ್ಟುಡಿಯನ್‌ಕೊಲೆಗ್‌ಗಳು ತಾವೇ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ದುಡ್ಡು ಕೊಟ್ಟು ಯಾರಿಂದಲೂ ಕೊಳ್ಳಬೇಕಿಲ್ಲ.

ವರ್ಷದ ಕೊನೆಗೆ ಫೆಸ್ಟ್‌ಸ್ಟೆಲುಂಗ್ಸ್‌ಪ್ರೂಫುಂಗ್ ಎಂಬ ಉದ್ದ ಹೆಸರಿನ ಪರೀಕ್ಷೆ. ಎಲ್ಲರೂ ಎಫ್‌ಎಸ್‌ಪಿ ಎನ್ನುತ್ತಾರೆ. ಫೇಲಾದರೆ ಒಂದೇ ಸಲ ಮತ್ತೆ ಬರೆಯಬಹುದು. ಇದರ ಜರ್ಮನ್ ಪತ್ರಿಕೆ ಪಾಸಾದರೆ ಹಲವು ಯೂನಿವರ್ಸಿಟಿಗಳು ಬೇರೆ ಭಾಷಾ ಪರೀಕ್ಷೆ ಕೇಳುವುದಿಲ್ಲ. ಇದು ನಿಜವಾದ ಲಾಭ. ಆದರೆ "ಸೀಟು ಗ್ಯಾರಂಟಿ" ಎನ್ನುವುದು ಸುಳ್ಳು. ಎಫ್‌ಎಸ್‌ಪಿ ಕೊಡುವುದು ಅರ್ಹತೆಯನ್ನು. ಸೀಟಿಗೆ ಮತ್ತೆ ಅರ್ಜಿ ಹಾಕಬೇಕು.

ಅಲ್ಲಿ ಅಂಕಗಳ ಲೆಕ್ಕ ತಿರುಗುಮುರುಗು. 1.0 ಅತ್ಯುತ್ತಮ, 4.0 ಜಸ್ಟ್ ಪಾಸ್. ನಮ್ಮ ಅಂಕವನ್ನು ಅವರ ಗ್ರೇಡಿಗೆ ಬದಲಾಯಿಸುವುದು ಬವೇರಿಯನ್ ಸೂತ್ರದಿಂದ. ಗರಿಷ್ಠ ಅಂಕದಿಂದ ನೀವು ಪಡೆದದ್ದನ್ನು ಕಳೆಯಿರಿ. ಅದನ್ನು ಗರಿಷ್ಠ ಅಂಕಕ್ಕೂ ಪಾಸ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಿ. ಪಾಸ್ ಅಂಕ 35 ಎಂದು ಇಟ್ಟುಕೊಂಡರೆ 82 ಶೇಕಡಾದ ಹುಡುಗಿಗೆ 18ನ್ನು 65ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಿದರೆ ಸುಮಾರು 1.8. ಒಳ್ಳೆಯ ಗ್ರೇಡೇ. ಎಫ್‌ಎಸ್‌ಪಿಯಲ್ಲಿ ಅವಳು 2.4 ತೆಗೆದರೆ, ಎರಡನ್ನೂ ಸಮವಾಗಿ ಹಿಡಿಯುವ ಸಾಮಾನ್ಯ ಲೆಕ್ಕದಲ್ಲಿ 2.1. ಅಂದರೆ ಪಿಯುಸಿ ಅಂಕ ಅಲ್ಲಿಗೆ ಮುಗಿಯುವುದಿಲ್ಲ, ಡಿಗ್ರಿ ಸೀಟಿನ ತನಕ ಬೆನ್ನ ಹಿಂದೆ ಬರುತ್ತದೆ. "ಹೇಗೂ ಜರ್ಮನಿಗೆ ಹೋಗೋದಲ್ವಾ, ಬೋರ್ಡ್ ಪರೀಕ್ಷೆ ಏನು ಮಹಾ" ಎನ್ನುವವರು ಇದನ್ನು ಗಮನಿಸಬೇಕು.

ಅರ್ಜಿ ಹಾಕುವ ಕ್ರಮ

ಮೊದಲು ಎಪಿಎಸ್. 2022ರ ನವೆಂಬರ್ 1ರಿಂದ ಜರ್ಮನಿಗೆ ಓದಲು ಹೋಗುವ ಭಾರತೀಯರಿಗೆ ಇದು ಕಡ್ಡಾಯ. ನಿಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಅದು. ಶುಲ್ಕ 18,000 ರೂಪಾಯಿ. ಸೀಸನ್‌ನಲ್ಲಿ ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ವಾರವೇ ಹಾಕಬೇಕು.

ಆಮೇಲೆ ಅರ್ಜಿ. ಕೆಲವು ಸ್ಟುಡಿಯನ್‌ಕೊಲೆಗ್‌ಗಳಿಗೆ ನೇರವಾಗಿ ಹಾಕಬಹುದು. ಇನ್ನು ಕೆಲವಕ್ಕೆ ಆ ರಾಜ್ಯದ ಯಾವುದಾದರೂ ಯೂನಿವರ್ಸಿಟಿಯ ಡಿಗ್ರಿಗೆ ಅರ್ಜಿ ಹಾಕಬೇಕು. ಅವರೇ ನಿಮ್ಮನ್ನು ಸ್ಟುಡಿಯನ್‌ಕೊಲೆಗ್‌ಗೆ ಕಳಿಸುತ್ತಾರೆ. ಹಲವು ಅರ್ಜಿಗಳು ಯೂನಿ-ಅಸಿಸ್ಟ್ ಎಂಬ ಕೇಂದ್ರದ ಮೂಲಕ ಹೋಗುತ್ತವೆ. ಒಂದು ಸೆಮಿಸ್ಟರ್‌ಗೆ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30. ಚಳಿಗಾಲದ ಸೆಮಿಸ್ಟರ್‌ಗೆ ಸಾಮಾನ್ಯ ಗಡುವು ಜುಲೈ 15, ಬೇಸಿಗೆಯದಕ್ಕೆ ಜನವರಿ 15. ಇದಕ್ಕಿಂತ ಮುಂಚೆ ಮುಗಿಸುವ ಕಡೆಗಳೂ ಇವೆ. ಯೂನಿ-ಅಸಿಸ್ಟ್ ಕಡತ ನೋಡಲು ನಾಲ್ಕಾರು ವಾರ ತೆಗೆದುಕೊಳ್ಳುವುದರಿಂದ ಕೊನೆಯ ದಿನ ಹಾಕಿ ಆರಾಮಾಗಿ ಇರಬೇಡಿ.

ಈ ತಾರೀಖುಗಳನ್ನು ನಮ್ಮ ಕ್ಯಾಲೆಂಡರ್ ಪಕ್ಕ ಇಡಿ. ಶಿವಮೊಗ್ಗದಲ್ಲಿ ಪಿಸಿಎಂಬಿ ಓದುತ್ತಿರುವ ಒಬ್ಬ ಹುಡುಗಿ ಎಂದುಕೊಳ್ಳಿ. ಏಪ್ರಿಲ್‌ನಲ್ಲಿ ರಿಸಲ್ಟ್ ಬಂದರೆ ಜುಲೈ 15ಕ್ಕೆ ಉಳಿದಿರುವುದು ಮೂರು ತಿಂಗಳು. ಅಷ್ಟರಲ್ಲಿ ಎಪಿಎಸ್ ಆಗಬೇಕು, ಜರ್ಮನ್ ಬಿ1 ಇರಬೇಕು. ಫಸ್ಟ್ ಪಿಯುಸಿಯಲ್ಲೇ ಜರ್ಮನ್ ಕಲಿಯಲು ಶುರು ಮಾಡಿದ್ದರೆ ಮಾತ್ರ ಇದು ಸಾಧ್ಯ. ಇಲ್ಲದಿದ್ದರೆ ಮೇ ತಿಂಗಳಿಂದ ದಿನವೂ ಕೂತು ಕಲಿತು, ಜನವರಿ 15ರ ಗಡುವಿಗೆ ಸಿದ್ಧವಾಗುವುದು ಮೇಲು. ಭಾಷೆ ಕಲಿಯಲು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೇ ಹೋಗಬೇಕೆಂದಿಲ್ಲ, ಆನ್‌ಲೈನ್‌ನಲ್ಲೂ ಕಲಿಯಬಹುದು. ಆದರೆ ಸರ್ಟಿಫಿಕೇಟ್ ಮಾತ್ರ ಗೊಥೆ, ಟೆಲ್ಕ್‌ನಂಥ ಎಲ್ಲರೂ ಒಪ್ಪುವ ಪರೀಕ್ಷೆಯದ್ದೇ ಆಗಿರಬೇಕು. ತರಬೇತಿ ಕೇಂದ್ರ ತಾನೇ ಅಚ್ಚು ಹಾಕಿಕೊಡುವ ಸರ್ಟಿಫಿಕೇಟ್ ನಡೆಯುವುದಿಲ್ಲ.

ಪ್ರವೇಶ ಪರೀಕ್ಷೆಯನ್ನು ಕೆಲವರು ಆನ್‌ಲೈನ್‌ನಲ್ಲಿ ನಡೆಸುತ್ತಾರೆ. ಅಲ್ಲಿಗೇ ಬಂದು ಬರೆಯಿರಿ ಎನ್ನುವವರೂ ಇದ್ದಾರೆ. ಎರಡನೆಯದಾದರೆ ವೀಸಾ, ಟಿಕೆಟ್ ಎಲ್ಲ ಆದಮೇಲೆ ಅಲ್ಲಿ ಹೋಗಿ ಫೇಲಾಗುವ ಅಪಾಯ ಇದೆ. ಹಾಗಾಗಿ ಒಂದಕ್ಕೇ ಹಾಕಬೇಡಿ, ಮೂರು ನಾಲ್ಕಕ್ಕೆ ಹಾಕಿ. ಪರೀಕ್ಷೆ ಒಂದೇ ದಿನ ಬಿದ್ದಿಲ್ಲ ಎಂದೂ ನೋಡಿಕೊಳ್ಳಿ.

ಇನ್ನು ದುಡ್ಡು. ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳಲ್ಲಿ ಸಾಮಾನ್ಯವಾಗಿ ಪಾಠಕ್ಕೆ ಫೀಸಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಖಾಸಗಿಯವುಗಳಲ್ಲಿ ಸಾವಿರಾರು ಯೂರೋ. ಆದರೆ "ಫ್ರೀ" ಎಂದ ಮಾತ್ರಕ್ಕೆ ದುಡ್ಡು ತೋರಿಸದೆ ಹೋಗಲಾಗುವುದಿಲ್ಲ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಯೂರೋಗೆ 100 ರೂಪಾಯಿ ಲೆಕ್ಕದಲ್ಲಿ ಹತ್ತಿರ ಹತ್ತಿರ 12 ಲಕ್ಷ. ತಿಂಗಳಿಗೆ 992 ಯೂರೋದಂತೆ ಅಲ್ಲಿ ವಾಪಸ್ ಸಿಗುತ್ತದೆ, ಅದರಲ್ಲೇ ಬಾಡಿಗೆ, ಊಟ, ಇನ್ಶೂರೆನ್ಸ್. ಮ್ಯೂನಿಕ್‌ನಂಥ ಊರಲ್ಲಿ ಅದು ಎಳೆದರೂ ಸಾಲದು. ಹಾಲೆ, ನಾರ್ಡ್‌ಹೌಸನ್‌ನಂಥ ಸಣ್ಣ ಊರುಗಳ ಸ್ಟುಡಿಯನ್‌ಕೊಲೆಗ್ ಆರಿಸಿದರೆ ಜೀವ ಸ್ವಲ್ಪ ಹಗುರ. ಡಿಗ್ರಿ ಎಲ್ಲ ಕಡೆ ಉಚಿತ ಎಂಬುದೂ ಈಗ ಪೂರ್ತಿ ನಿಜವಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಹೊರದೇಶದವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ಬ್ಯಾಚುಲರ್ ಕೋರ್ಸಿಗೆ ಸೆಮಿಸ್ಟರ್‌ಗೆ 2,000 ಅಥವಾ 3,000 ಯೂರೋ.

ಇಲ್ಲೇ ಒಂದು ವರ್ಷ, ಅಥವಾ ಅಲ್ಲಿ

ಈಗ ನನ್ನ ಅಭಿಪ್ರಾಯ. ಕರ್ನಾಟಕದ ವಿದ್ಯಾರ್ಥಿಗೆ ಸ್ಟುಡಿಯನ್‌ಕೊಲೆಗ್‌ಗೆ ನಿಜವಾದ ಪೈಪೋಟಿ ಕೊಡುವುದು ಇಲ್ಲಿನ ಡಿಗ್ರಿಯ ಮೊದಲ ವರ್ಷ. ಬಿಎಸ್‌ಸಿಗೋ ಬಿಇಗೋ ಸೇರಿ, ಸಂಜೆ ಜರ್ಮನ್ ಕಲಿತು, ವರ್ಷದ ಕೊನೆಗೆ ನೇರವಾಗಿ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು. ಖರ್ಚು ಕಡಿಮೆ. ಆಗಲಿಲ್ಲ ಎಂದರೆ ಎರಡನೆಯ ವರ್ಷ ಇಲ್ಲೇ ಮುಂದುವರಿಯುತ್ತದೆ, ಕೈಗೆ ಸಿಕ್ಕಿದ್ದು ಹೋಗುವುದಿಲ್ಲ. ಇದರ ಮಿತಿ ಏನೆಂದರೆ ವಿಷಯ ಬದಲಾಯಿಸಲು ಆಗುವುದಿಲ್ಲ. ಬಿಎಸ್‌ಸಿ ಭೌತಶಾಸ್ತ್ರದಿಂದ ಭೌತಶಾಸ್ತ್ರಕ್ಕೋ ಅದರ ಹತ್ತಿರದ್ದಕ್ಕೋ ಮಾತ್ರ. ಬಿಇ ಸೇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ನಡುವೆ ಬಿಟ್ಟು ಹೋದರೆ ಉಳಿದ ವರ್ಷಗಳ ಫೀಸ್ ಕಟ್ಟಿ ಎನ್ನುವ ಕಾಲೇಜುಗಳು ನಮ್ಮಲ್ಲಿ ಇವೆ. ಅದು ಮುಗಿಯುವ ತನಕ ಟಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೈಗೆ ಕೊಡುವುದಿಲ್ಲ. ಸೇರುವ ದಿನವೇ ಆ ಷರತ್ತು ಓದಿ. ಈ ಲೆಕ್ಕದಲ್ಲಿ ಬಿಎಸ್‌ಸಿ ಹಗುರ.

ಹಾಗಾದರೆ ಸ್ಟುಡಿಯನ್‌ಕೊಲೆಗ್ ಯಾರಿಗೆ? ಡಿಗ್ರಿಯನ್ನು ಜರ್ಮನ್ ಭಾಷೆಯಲ್ಲೇ ಓದುತ್ತೇನೆ ಎಂದು ನಿಜವಾಗಿ ತೀರ್ಮಾನಿಸಿದವರಿಗೆ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬ್ಯಾಚುಲರ್ ಮಟ್ಟದಲ್ಲಿ ಇಂಗ್ಲಿಷ್ ಕೋರ್ಸುಗಳು ಕಡಿಮೆ. ಜರ್ಮನ್ ಕೋರ್ಸಿಗೆ ಹೋಗಬೇಕಾದರೆ ಸಿ1 ಹತ್ತಿರದ ಭಾಷೆ ಬೇಕು. ಬೆಂಗಳೂರಿನಲ್ಲಿ ಕೂತು ಸಂಜೆ ತರಗತಿಯಲ್ಲಿ ಅಲ್ಲಿಗೆ ಮುಟ್ಟುವುದು ಕಷ್ಟ. ಅಲ್ಲಿ ಹೋಗಿ, ಭೌತಶಾಸ್ತ್ರವನ್ನೂ ಜರ್ಮನ್‌ನಲ್ಲಿ ಕೇಳಿ, ಅದೇ ಭಾಷೆಯಲ್ಲಿ ತರಕಾರಿ ಕೊಂಡು ಬದುಕುವ ಹುಡುಗನಿಗೆ ಒಂದು ವರ್ಷದಲ್ಲಿ ಅದು ಬಂದುಬಿಡುತ್ತದೆ. ಇಂಗ್ಲಿಷಿನಲ್ಲೇ ಓದುವ ಆಸೆ ಇಟ್ಟುಕೊಂಡವರು ಇದಕ್ಕೆ ಹೋಗುವುದು ಸುಮ್ನೆ ದಂಡ.

ಮೆಡಿಕಲ್ ಆಸೆಯಿಂದ ಎಂ ಕೋರ್ಸ್ ನೋಡುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರತದಲ್ಲಿ ಡಾಕ್ಟರಾಗಿ ಕೆಲಸ ಮಾಡಬೇಕಾದರೆ, ವಿದೇಶದಲ್ಲಿ ಓದುವವರಿಗೂ ನೀಟ್ ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷಿನಲ್ಲಿ ನಡೆದಿರಬೇಕು. ಜರ್ಮನಿಯ ಸರ್ಕಾರಿ ವೈದ್ಯಕೀಯ ಶಿಕ್ಷಣ ಜರ್ಮನ್ ಭಾಷೆಯಲ್ಲಿದೆ. ಅಲ್ಲೇ ಡಾಕ್ಟರಾಗಿ ಉಳಿಯುವ ಯೋಚನೆ ಇದ್ದರೆ ಸರಿ. ಓದಿ ಬಂದು ಊರಲ್ಲಿ ಕ್ಲಿನಿಕ್ ಹಾಕುತ್ತೇನೆ ಎನ್ನುವವರಿಗೆ ಈ ದಾರಿ ಅಲ್ಲ.

ಇಂಗ್ಲೆಂಡ್, ಆಸ್ಟ್ರೇಲಿಯಾ ಮತ್ತು ಉಳಿದವು

ಇಂಗ್ಲೆಂಡಿನ ಚಿತ್ರ ಬೇರೆ. ಬಹಳಷ್ಟು ಯೂನಿವರ್ಸಿಟಿಗಳು ಭಾರತದ 12ನೇ ತರಗತಿಯನ್ನು ನೇರವಾಗಿಯೇ ಒಪ್ಪುತ್ತವೆ. ಸಿಬಿಎಸ್‌ಇ, ಐಎಸ್‌ಸಿಗೆ ಇಷ್ಟು, ರಾಜ್ಯ ಬೋರ್ಡ್‌ಗಳಿಗೆ ಸ್ವಲ್ಪ ಜಾಸ್ತಿ ಎಂದು ಅಂಕ ಕೇಳುವುದು ಸಾಮಾನ್ಯ. ಆ ಅಂಕ ನಿಮಗಿದ್ದರೆ ಫೌಂಡೇಶನ್ ಹೆಸರೆತ್ತಬೇಡಿ. ಅಂಕ ಕಡಿಮೆಯಾದವರಿಗೆ, ಬೇರೆ ವಿಷಯಕ್ಕೆ ಹೊರಳುವವರಿಗೆ ಮಾತ್ರ ಅದು ಉಪಯೋಗ. ಪಿಸಿಎಂಬಿ ಓದಿ ಲಾ ಓದಬೇಕು ಎಂದರೆ ಅದಕ್ಕೂ ನೇರ ಪ್ರವೇಶ ಸಿಗುವ ಕಡೆಗಳಿವೆ, ಮೊದಲು ಅದನ್ನು ಹುಡುಕಿ.

ಫೌಂಡೇಶನ್ ಅಲ್ಲಿ ಎರಡು ಬಗೆ. ಯೂನಿವರ್ಸಿಟಿಯೇ ತನ್ನ ಡಿಗ್ರಿಗೆ ಒಂದು ವರ್ಷ ಮುಂದೆ ಸೇರಿಸಿ, ನಾಲ್ಕು ವರ್ಷದ ಒಂದೇ ಕೋರ್ಸ್ ಮಾಡಿರುವುದು ಒಂದು. ಕಪ್ಲಾನ್, ಇಂಟೋ, ಸ್ಟಡಿ ಗ್ರೂಪ್, ನವಿಟಾಸ್‌ನಂಥ ಕಂಪನಿಗಳು ಯೂನಿವರ್ಸಿಟಿ ಜೊತೆ ಒಪ್ಪಂದ ಮಾಡಿಕೊಂಡು ನಡೆಸುವುದು ಇನ್ನೊಂದು. ಎರಡನೆಯದರಲ್ಲಿ "ಪ್ರೋಗ್ರೆಶನ್ ಗ್ಯಾರಂಟಿ" ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಟ್ಟು ಇಷ್ಟು ಅಂಕ, ಗಣಿತದಲ್ಲಿ ಇಷ್ಟು, ಇಂಗ್ಲಿಷಿನಲ್ಲಿ ಇಷ್ಟು ಎಂದು ಷರತ್ತು. ಕಂಪ್ಯೂಟರ್ ಸೈನ್ಸ್‌ಗೆ ಕೇಳುವ ಅಂಕ ಬಿಸಿನೆಸ್‌ಗಿಂತ ಜಾಸ್ತಿ ಇರಬಹುದು. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಜನ ತಾವು ಬಯಸಿದ ಡಿಗ್ರಿಗೇ ಹೋದರು ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ವೀಸಾದಲ್ಲಿ ಒಂದು ವಿಚಿತ್ರ ಇದೆ. ಡಿಗ್ರಿಗೆ ಹೋಗುವವರ ಇಂಗ್ಲಿಷನ್ನು ಯೂನಿವರ್ಸಿಟಿಯೇ ಅಳೆಯಬಹುದು, ಕೆಲವರು 12ನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತಾರೆ. ಡಿಗ್ರಿಗಿಂತ ಕೆಳಗಿನ ಫೌಂಡೇಶನ್‌ಗೆ ಹೋಗುವವರು ಮಾತ್ರ ಬ್ರಿಟಿಷ್ ಸರ್ಕಾರ ಒಪ್ಪಿದ ಪರೀಕ್ಷೆಯನ್ನೇ ಬರೆಯಬೇಕು, ಮಟ್ಟ ಬಿ1. ಐಇಎಲ್‌ಟಿಎಸ್ ಬರೆಯುವುದಾದರೆ ಯುಕೆವಿಐ (ಬ್ರಿಟನ್ ವೀಸಾಕ್ಕೆಂದೇ ಇರುವುದು) ಎಂದು ನಮೂದಿಸಿದ್ದನ್ನೇ ಬುಕ್ ಮಾಡಿ. ಸಾಮಾನ್ಯ ಐಇಎಲ್‌ಟಿಎಸ್ ಬರೆದು, ವೀಸಾ ಹೊತ್ತಿಗೆ ಮತ್ತೆ ದುಡ್ಡು ಕಟ್ಟಿದವರಿದ್ದಾರೆ. ಬ್ಯಾಂಕಿನಲ್ಲಿ ತೋರಿಸುವ ದುಡ್ಡು ಸತತ 28 ದಿನ ಅಲ್ಲಾಡದೆ ಇರಬೇಕು. ಮಧ್ಯೆ ಒಂದು ದಿನ ಕಡಿಮೆಯಾದರೂ ಎಣಿಕೆ ಮೊದಲಿಂದ. ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಅದನ್ನು ವೀಸಾ ಅರ್ಜಿ ಜೊತೆಗೇ ಕಟ್ಟಬೇಕು.

ಆಸ್ಟ್ರೇಲಿಯಾದ ಬಗ್ಗೆ ಚುಟುಕಾಗಿ. ಕೋರ್ಸಿಗೆ ಕ್ರಿಕಾಸ್ ಸಂಖ್ಯೆ (ವಿದೇಶಿ ವಿದ್ಯಾರ್ಥಿಗಳ ಕೋರ್ಸುಗಳ ಸರ್ಕಾರಿ ನೋಂದಣಿ) ಇದೆಯೇ ನೋಡಿ, ಇಲ್ಲದಿದ್ದರೆ ವೀಸಾನೇ ಇಲ್ಲ. ಫೌಂಡೇಶನ್ ಮತ್ತು ಡಿಗ್ರಿ ಎರಡಕ್ಕೂ ಸೇರಿ ಪ್ಯಾಕೇಜ್ ಆಫರ್ ಕೊಡುತ್ತಾರೆ. ವೀಸಾ ಅರ್ಜಿ ಶುಲ್ಕ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ತಿರಸ್ಕರಿಸಿದರೂ ವಾಪಸ್ ಬರುವುದಿಲ್ಲ. ಜೀವನ ಖರ್ಚಿಗೆ 29,710 ಡಾಲರ್ ತೋರಿಸಬೇಕು ಎಂದು 2024ರ ಮೇ ತಿಂಗಳಲ್ಲಿ ನಿಗದಿಯಾಯಿತು. ನಿಜವಾಗಿ ಓದಲೆಂದೇ ಬರುತ್ತಿದ್ದೀರಾ ಎಂದು ನೋಡಲು 2024ರ ಮಾರ್ಚ್‌ನಿಂದ ವೀಸಾ ಅರ್ಜಿಯಲ್ಲಿ "ಜೆನ್ಯೂಯಿನ್ ಸ್ಟೂಡೆಂಟ್" ಪ್ರಶ್ನೆಗಳು ಬಂದಿವೆ. ಒಂದೊಂದು ಉತ್ತರಕ್ಕೆ 150 ಪದ ಮಾತ್ರ. ಏಜೆಂಟ್ ಬರೆದುಕೊಡುವ "ವಿಶ್ವದರ್ಜೆಯ ಶಿಕ್ಷಣ" ಎಂಬ ಸಾಲಿಗೆ ಅದರಲ್ಲಿ ಜಾಗ ಕೊಡಬೇಡಿ. "ಅಪ್ಪನಿಗೆ ಚನ್ನಪಟ್ಟಣದಲ್ಲಿ ರೇಷ್ಮೆ ನೂಲಿನ ಘಟಕ ಇದೆ, ನಾನು ಟೆಕ್ಸ್‌ಟೈಲ್ ಕೆಮಿಸ್ಟ್ರಿ ಓದಬೇಕು, ಈ ಫೌಂಡೇಶನ್‌ನಲ್ಲಿ ಕೆಮಿಸ್ಟ್ರಿ ಇದೆ" ಎಂಬಂಥ ಸಾಲಿಗೆ ತೂಕ ಜಾಸ್ತಿ.

ಎಸ್ಸೆಸ್ಸೆಲ್ಸಿ ಆದಮೇಲೇ ಹೋಗಬೇಕು ಎನ್ನುವವರಿಗೆ ಎರಡು ವರ್ಷದ ಎ-ಲೆವೆಲ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಇವೆ. ಇವುಗಳಲ್ಲಿ ಗಮನಿಸಬೇಕಾದ್ದು ಯುನೈಟೆಡ್ ವರ್ಲ್ಡ್ ಕಾಲೇಜುಗಳು. 1962ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಸಂಸ್ಥೆ ಇದು. ಪುಣೆ ಹತ್ತಿರವೂ ಒಂದು ಕಾಲೇಜಿದೆ. ಆಯ್ಕೆ ನಡೆಸುವುದು ಆಯಾ ದೇಶದ ಸಮಿತಿ, ಮನೆಯ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ. ಉಳಿದಂತೆ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಬಿಟ್ಟು ನೇರ ಫೌಂಡೇಶನ್‌ಗೆ ಸೇರಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ನಾಳೆ ಇಲ್ಲಿ ಸರ್ಕಾರಿ ಕೆಲಸಕ್ಕೋ ಎಂಎಸ್‌ಸಿಗೋ ಹೋದಾಗ 12ನೇ ತರಗತಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಐಬಿ ಡಿಪ್ಲೊಮಾ, ಎ-ಲೆವೆಲ್‌ಗಳಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಸಮಾನತೆ ಕೊಡುತ್ತದೆ. ಫೌಂಡೇಶನ್ ಸರ್ಟಿಫಿಕೇಟ್ ಆ ಜಾಗ ತುಂಬುವುದಿಲ್ಲ.

ಏಜೆಂಟ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮೊದಲ ಸಲ ಪಾಸ್‌ಪೋರ್ಟ್ ಹಿಡಿಯುವ ಮನೆಗೆ ಒಬ್ಬರು ಜೊತೆಗಿದ್ದರೆ ಧೈರ್ಯ. ಆದರೆ ಅವರ ಸಂಪಾದನೆ ಎಲ್ಲಿಂದ ಎಂದು ತಿಳಿದಿರಲಿ. ಇಂಗ್ಲೆಂಡ್, ಆಸ್ಟ್ರೇಲಿಯಾದ ಫೌಂಡೇಶನ್ ಕಾಲೇಜುಗಳು ಸೇರಿಸಿದ ತಲೆಗೆ ಇಷ್ಟು ಎಂದು ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ಸಂಸ್ಥೆಗಳಿಂದ ಅದು ಹುಟ್ಟುವುದಿಲ್ಲ. ಅದಕ್ಕೇ ಖಾಸಗಿ ಸ್ಟುಡಿಯನ್‌ಕೊಲೆಗ್ ಹೆಸರು ಅವರ ಬಾಯಲ್ಲಿ ಮೊದಲು ಬರುತ್ತದೆ. ಅಂಥದ್ದಕ್ಕೆ ಸೇರುವುದಾದರೆ ಒಂದೇ ಪ್ರಶ್ನೆ: ಎಫ್‌ಎಸ್‌ಪಿ ನಡೆಸುವ ಸರ್ಕಾರಿ ಮಾನ್ಯತೆ ನಿಮಗೇ ಇದೆಯೇ, ಅಥವಾ ನಮ್ಮ ಮಗ ಬೇರೆ ಕಡೆ ಹೊರಗಿನ ಅಭ್ಯರ್ಥಿಯಾಗಿ ಬರೆಯಬೇಕೇ? ಹೊರಗಿನವನಾಗಿ ಬರೆಯುವುದು ಬಹಳ ಕಷ್ಟ.

ಕೊನೆಗೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ. ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರು ಓದಿ. ನಮ್ಮ ಕಡೆ ಇನಿಷಿಯಲ್ ಪದ್ಧತಿ. ಮಾರ್ಕ್ಸ್ ಕಾರ್ಡ್‌ನಲ್ಲಿ "ಚೈತ್ರ ಕೆ ಎಂ" ಎಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ. ಅಲ್ಲಿ ಕೂತು ಕಡತ ನೋಡುವವರಿಗೆ ಇವು ಇಬ್ಬರು ಬೇರೆ ಬೇರೆ ಹುಡುಗಿಯರು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಮಾರ್ಕ್ಸ್ ಕಾರ್ಡ್‌ಗೆ ಹೊಂದುವಂತೆ ಮಾಡಿಸಿ. ಆಗಲೇ ಮಾಡಿಸಿದ್ದರೆ ಎರಡೂ ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ, ಪ್ರತಿ ಅರ್ಜಿಯ ಜೊತೆಗೂ ಇಡಿ. ಮಾರ್ಕ್ಸ್ ಕಾರ್ಡ್‌ನಲ್ಲೇ ಅಕ್ಷರ ತಪ್ಪಿದ್ದರೆ ಓದಿದ ಕಾಲೇಜಿನ ಮೂಲಕ ತಿದ್ದುಪಡಿಗೆ ಹಾಕಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಈ ಕೆಲಸವನ್ನು ಫಸ್ಟ್ ಪಿಯುಸಿ ಬೇಸಿಗೆ ರಜೆಯಲ್ಲೇ ಮುಗಿಸಿ.